ಬೀಸೆಕಲ್ಲಿನ ಹಾದಿ: ಪ್ರವಾಸ ಸಾಹಿತ್ಯದ ಒಂದು ಕೊರತೆ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಓದಿದವರಿಗೆ ಪಾದ್ರಿ ಜೀವರತ್ನಯ್ಯನ ಬೈಸಿಕಲ್ಲಿನ ನೆನಪು ಇದ್ದೇ ಇರುತ್ತದೆ. ಆ ಅಪೂರ್ವ ವಾಹನವನ್ನು ಮೊದಲ ಸಲ ಕಂಡ ಮಲೆನಾಡಿನ ಜನ ಅದನ್ನು ‘ಬೀಸೆಕಲ್ಲು’ ಎಂದು ಕರೆಯುತ್ತಾರೆ. ಓದುವಾಗ ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಆ ಹೆಸರಿನಲ್ಲಿ ವಿನೋದದ ಜೊತೆಗೆ ಸ್ವಲ್ಪ ವಿವೇಕವೂ ಇದೆ. ಅರಿಯದ ವಸ್ತುವನ್ನು ಅರಿತ ವಸ್ತುವಿನ ಮೂಲಕ ಹಿಡಿಯುವುದು ಜೀವಂತ ಭಾಷೆಯ ಲಕ್ಷಣ. ಆ ಜನಕ್ಕೆ ಬೈಸಿಕಲ್ಲು ತಿಳಿದಿರಲಿಲ್ಲ, ಕಲ್ಲು ತಿಳಿದಿತ್ತು. ಇಂದು ನಮ್ಮ ಸ್ಥಿತಿ ಇದಕ್ಕೆ ತಲೆಕೆಳಗು. ಬೈಸಿಕಲ್ಲಿನ ಒಂದೊಂದು ತಿರುಪಿನ ಹೆಸರೂ ನಮಗೆ ಬರುತ್ತದೆ. ಅದರ ಚಕ್ರದ ಕೆಳಗಿರುವ ಕಲ್ಲಿನ ಹೆಸರು ಬರುವುದಿಲ್ಲ.

ಈ ಮಾತು ಹೊಳೆದದ್ದು ಒಂದು ಹಾದಿಪಟ್ಟಿಯನ್ನು ಓದುವಾಗ. ಜಯನಗರ, ಬನಶಂಕರಿ, ಜೆ. ಪಿ. ನಗರಗಳ ಕಡೆ ಭಾನುವಾರ ಬೆಳಗಿನ ಜಾವಕ್ಕೆ ಎದ್ದವರು ನೋಡಿರಬಹುದು: ತಲೆಗೆ ಶಿರಸ್ತ್ರಾಣ ತೊಟ್ಟ ಸೈಕಲ್ ಸವಾರರು ಗುಂಪು ಗುಂಪಾಗಿ ಕನಕಪುರದ ರಸ್ತೆಯನ್ನೋ ಬನ್ನೇರುಘಟ್ಟದ ರಸ್ತೆಯನ್ನೋ ಹಿಡಿದು ಹೋಗುತ್ತಿರುತ್ತಾರೆ. ನಲವತ್ತು ದಾಟಿದ ಮೇಲೆ ವೈದ್ಯರ ಸಲಹೆಯಂತೆ ನಾನೂ ಈ ಪರಿವಾರಕ್ಕೆ ಸೇರಿದೆ. ಹಳೆಯ ವಿದ್ಯಾರ್ಥಿಯೊಬ್ಬ ಎರಡು ದಿನದ ಪ್ರವಾಸಕ್ಕೆಂದು ಒಂದು ಹಾದಿಯನ್ನು ಬರೆದುಕೊಟ್ಟ. ತುಮಕೂರು, ಗುಬ್ಬಿ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು. ಅಲ್ಲಿಂದ ವಾಣಿವಿಲಾಸ ಸಾಗರ. ನೀರು ಎಲ್ಲಿ ಸಿಗುತ್ತದೆ, ಏರು ಎಲ್ಲಿದೆ, ಪಂಕ್ಚರ್ ಹಾಕುವ ಅಂಗಡಿ ಎಲ್ಲಿದೆ, ಎಲ್ಲವನ್ನೂ ಅಚ್ಚುಕಟ್ಟಾಗಿ ಗುರುತಿಸಿದ್ದ. ಹುಳಿಯಾರಿಗೂ ಹಿರಿಯೂರಿಗೂ ನಡುವಣ ಭಾಗದ ಎದುರಿಗೆ ಮಾತ್ರ ಒಂದೇ ವಾಕ್ಯವಿತ್ತು: ‘ನೋಡುವಂಥದ್ದೇನೂ ಇಲ್ಲ, ಬಿಸಿಲೇರುವ ಮುನ್ನ ದಾಟುವುದು.’

ಆ ವಾಕ್ಯದ ವಿಮರ್ಶೆಯೇ ಈ ಲೇಖನದ ವಸ್ತು. ಏಕೆಂದರೆ ಅದು ಒಬ್ಬ ಹುಡುಗನ ವಾಕ್ಯವಲ್ಲ. ನಮ್ಮ ಪ್ರವಾಸ ಸಾಹಿತ್ಯವೆಲ್ಲ ಸೇರಿ ಅವನ ಕೈಯಲ್ಲಿ ಬರೆಯಿಸಿದ ವಾಕ್ಯ.

ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಬಡವಾಗಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಒಂದು ತಲೆಮಾರಿನ ಓದುಗರನ್ನು ಹಂಪೆಗೆ ಕರೆದೊಯ್ದಿತು. ಕಾರಂತರ ‘ಅಪೂರ್ವ ಪಶ್ಚಿಮ’ ಯುರೋಪನ್ನು ನಮ್ಮ ಜಗಲಿಗೆ ತಂದಿತು. ಗೊರೂರರು ಅಮೆರಿಕಕ್ಕೆ ಹೋಗಿ ಗೊರೂರನ್ನೇ ಕಂಡು ಬಂದರು. ಇವೆಲ್ಲ ಒಳ್ಳೆಯ ಪುಸ್ತಕಗಳು. ಆದರೆ ಸಾಲಾಗಿ ಇಟ್ಟು ನೋಡಿದರೆ ಒಂದು ಸಮಾನ ಗುಣ ಕಾಣುತ್ತದೆ: ನಮ್ಮ ಪ್ರವಾಸಿ ‘ತಲುಪುವವನು’. ರೈಲು ಇಳಿದ ಮೇಲೆ, ಹಡಗು ಇಳಿದ ಮೇಲೆ ಅವನ ಕಣ್ಣು ತೆರೆಯುತ್ತದೆ. ಗುಡಿ, ಶಿಲ್ಪ, ಅರಮನೆ, ಜನ, ಊಟ, ಉಡುಪು ಇವು ಅವನ ವಿಷಯಗಳು. ಎರಡು ಊರುಗಳ ನಡುವಣ ನೆಲ ಅವನಿಗೆ ಕಳೆಯಬೇಕಾದ ಹೊತ್ತು, ಓದಬೇಕಾದ ಪುಟವಲ್ಲ. ಕಲ್ಲನ್ನು ಅವನು ನೋಡುವುದು ಅದಕ್ಕೆ ಉಳಿ ಬಿದ್ದ ಮೇಲೆ.

ಇದಕ್ಕೆ ಅಪವಾದವಿಲ್ಲವೆಂದಲ್ಲ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ (1976) ಅಂಥ ದೊಡ್ಡ ಅಪವಾದ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ದಾರಿಯ ಪಕ್ಕದ ಗಿಡವೊಂದು ಕಾದಂಬರಿಯ ಪಾತ್ರದಷ್ಟೇ ಕುತೂಹಲ ಹುಟ್ಟಿಸಬಲ್ಲದೆಂದು ತೋರಿಸಿಕೊಟ್ಟರು. ಶಾಸ್ತ್ರದ ಹೆಸರಿಗೂ ಊರಿನ ಹೆಸರಿಗೂ ಪಂಕ್ತಿಭೇದ ಮಾಡಲಿಲ್ಲ. ಚಿತ್ರಗಳನ್ನೂ ತಾವೇ ಬರೆದರು. 1978ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಗಿಡಕ್ಕೆ ಸ್ವಾಮಿಯವರು ಸಿಕ್ಕಿದರು. ಕಲ್ಲಿಗೆ ಅಂಥವರೊಬ್ಬರು ಸಿಗಲಿಲ್ಲ. ಮೈಸೂರಿನ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದದ್ದು 1894ರಲ್ಲಿ. ಅಂದಿನಿಂದ ಶಾಸ್ತ್ರಜ್ಞರು ಈ ನಾಡಿನ ಬೆಟ್ಟ ಹಳ್ಳಗಳನ್ನೆಲ್ಲ ಮೆಟ್ಟಿ ನೋಡಿದ್ದಾರೆ. ಆದರೆ ಅವರು ಕಂಡದ್ದು ಬಹುಮಟ್ಟಿಗೆ ಇಂಗ್ಲಿಷಿನ ವರದಿಗಳಲ್ಲಿ, ಪರಿಭಾಷೆಯ ಮುಳ್ಳುಬೇಲಿಯೊಳಗೆ ಉಳಿಯಿತು. ಸಾಹಿತಿಗಳಾದ ನಾವು ಆ ಬೇಲಿಯ ಹತ್ತಿರವೂ ಸುಳಿಯಲಿಲ್ಲ.

ಇನ್ನು ‘ನೋಡುವಂಥದ್ದೇನೂ ಇಲ್ಲ’ ಎಂದ ಹಾದಿಗೆ ಬರೋಣ. ದಕ್ಷಿಣ ಬೆಂಗಳೂರಿನವರಿಗೆ ಈ ಹಾದಿಯ ಮೊದಲ ಅಧ್ಯಾಯ ಮನೆಯ ಬಾಗಿಲಲ್ಲೇ ಇದೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆಯ ಮೇಲೆ ನಾವೆಲ್ಲರೂ ಕುಳಿತು ಕಡಲೆಕಾಯಿ ತಿಂದವರೇ. ನೈಸ್ ಎಂದು ಶಾಸ್ತ್ರ ಕರೆಯುವ ಆ ಪಟ್ಟೆಗಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಅಲ್ಲಿಂದ ಹೊರಟು ತುಮಕೂರು, ಗುಬ್ಬಿ ದಾಟಿ ಚಿಕ್ಕನಾಯಕನಹಳ್ಳಿಯ ಕಡೆಗೆ ತಿರುಗಿದರೆ ಕಲ್ಲಿನ ಜಾತಿ ಬದಲಾಗುತ್ತದೆ. ಚಿತ್ರದುರ್ಗದ ಕಡೆಗೆ ಉತ್ತರ ದಕ್ಷಿಣವಾಗಿ ಹಬ್ಬಿದ ಪದರಗಲ್ಲಿನ ಪಟ್ಟಿಯೊಳಗೆ ನಾವು ಕಾಲಿಟ್ಟಿರುತ್ತೇವೆ. ಈ ಭಾಗದಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಸಿಗುವುದು ಇದೇ ಪಟ್ಟಿಯಿಂದ. ಇದರಲ್ಲಿ ಒಂದಷ್ಟು ಭಾಗ ಒಂದಾನೊಂದು ಕಾಲಕ್ಕೆ ಭೂಗರ್ಭದಿಂದ ಉಕ್ಕಿದ ಲಾವಾರಸ.

ಮೋಟಾರಿನಲ್ಲಿ ಹೋಗುವವನಿಗೆ ಈ ಬದಲಾವಣೆ ತಿಳಿಯುವುದಿಲ್ಲ. ಸೈಕಲ್ಲಿನವನಿಗೆ ಕಣ್ಣಿಗಿಂತ ಮೊದಲು ಮೊಣಕಾಲಿಗೆ ತಿಳಿಯುತ್ತದೆ. ಗಟ್ಟಿ ಕಲ್ಲು ದಿಣ್ಣೆಯಾಗಿ ನಿಲ್ಲುತ್ತದೆ, ಮೆತ್ತನೆಯದು ಸವೆದು ಹಳ್ಳವಾಗುತ್ತದೆ, ಏರಿಳಿತವೆಂದರೆ ಇದೇ. ನನಗಂತೂ ಹುಳಿಯಾರು ದಾಟಿದ ಮೇಲೆ ಬೆಣಚುಕಲ್ಲಿನ ಚೂರೊಂದು ಚಕ್ರಕ್ಕೆ ಚುಚ್ಚಿ ಪಾಠ ಹೇಳಿತು. ರಸ್ತೆಯ ಪಕ್ಕದಲ್ಲಿ ಕುಳಿತು ತೇಪೆ ಹಾಕುತ್ತಿದ್ದಾಗ ಕುರಿ ಕಾಯುವ ಮುದುಕನೊಬ್ಬ ಬಂದು ನಿಂತ. ಮಾತಿಗೆ ಮಾತು ಬೆಳೆದು, ‘ಇಲ್ಲಿಂದಾಚೆ ಮಸಾರಿ ಮುಗೀತದೆ ಸ್ವಾಮಿ, ಎರೆ ಸುರುವಾಗ್ತದೆ. ಮಳೆ ಬಂದ್ರೆ ನಿಮ್ಮ ಗಾಡಿ ಹೂತ್ಕಳ್ತದೆ’ ಎಂದ. ಒಂದೇ ಉಸಿರಿನಲ್ಲಿ ಮಣ್ಣಿನ ಜಾತಿ, ಅದರ ಗಡಿ, ಅದರ ಗುಣ, ಸವಾರನಿಗೆ ಬೇಕಾದ ಎಚ್ಚರಿಕೆ ನಾಲ್ಕೂ ಬಂದುವು. ನನ್ನ ಜೇಬಿನಲ್ಲಿದ್ದ ಹಾದಿಪಟ್ಟಿಗಿಂತ ಇದು ಉತ್ತಮವಾದ ಗದ್ಯ ಎಂದು ಅಲ್ಲಿಯೇ ತೀರ್ಮಾನಿಸಿದೆ.

ವೇದಾವತಿಯ ಕಣಿವೆಯಲ್ಲಿ ಈ ಕಥೆಗೆ ನದಿ ಸೇರುತ್ತದೆ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿ ಬಯಲಿಗಿಳಿದು ಬಂದ ನದಿ, ಅಡ್ಡಬಂದ ಬೆಟ್ಟಸಾಲನ್ನು ಮಾರಿಕಣಿವೆ ಎಂಬಲ್ಲಿ ಇಕ್ಕಟ್ಟಾಗಿ ಸೀಳಿಕೊಂಡು ಹೋಗುತ್ತದೆ. ಮೈಸೂರಿನ ಎಂಜಿನಿಯರುಗಳು 1898ರಿಂದ 1907ರವರೆಗೆ ದುಡಿದು ಅಲ್ಲಿ ಕಟ್ಟಿದ ಕಟ್ಟೆಯೇ ವಾಣಿವಿಲಾಸ ಸಾಗರ. ಅವರು ಕಲ್ಲನ್ನೂ ಹೊಳೆಯನ್ನೂ ಕೂಡಿಸಿ ಓದಬಲ್ಲವರಾಗಿದ್ದರು. ಆದರೆ ಮಳೆ ಅವರ ಕೈಯಲ್ಲಿರಲಿಲ್ಲ. 1933ರಲ್ಲಿ ಕೋಡಿ ಹರಿದ ಸಾಗರ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ಮೇಲೆ, 2022ರಲ್ಲಿ.

ಹಿರಿಯೂರಿನಿಂದ ಚಿತ್ರದುರ್ಗದ ಹೆದ್ದಾರಿಯಲ್ಲಿ ಸಾಗಿದರೆ ಐಮಂಗಲ, ಅದರ ಸಮೀಪದಲ್ಲಿ ಮರಡಿಹಳ್ಳಿ. ಮರಡಿ ಎಂದರೆ ಕಲ್ಲುದಿಬ್ಬ; ಊರಿಗೆ ಹೆಸರಿಟ್ಟವರು ಕಣ್ಣು ಬಿಟ್ಟುಕೊಂಡೇ ಇಟ್ಟಿದ್ದಾರೆ. ಇಲ್ಲಿರುವುದು ಹಸುರು ಮಿಶ್ರಿತ ಬೂದುಬಣ್ಣದ ಕಲ್ಲು. ನೋಡಿದರೆ ಯಾರೋ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ತೋರುತ್ತದೆ. ನೀರಿನ ತಳದಲ್ಲಿ ಲಾವಾ ಉಕ್ಕಿದಾಗ ಅದರ ಹೊರಮೈ ಥಟ್ಟನೆ ಆರಿ ಗಟ್ಟಿಯಾಗುತ್ತದೆ. ಒಳಗಿನ ರಸ ಆ ಸಿಪ್ಪೆಯನ್ನು ಒಡೆದು ಉಂಡೆಯಾಗಿ ಹೊರಗುಬ್ಬುತ್ತದೆ. ಅದೂ ಆರಿ ಇನ್ನೊಂದು ಉಂಡೆಗೆ ಹೆರಿಗೆಯಾಗುತ್ತದೆ. ಮೇಲಿನ ದಿಂಬು ಇನ್ನೂ ಮೆತ್ತಗಿರುವಾಗಲೇ ಕೆಳಗಿನವುಗಳ ಸಂದಿಗೆ ಕುಸಿದು ಕೂರುತ್ತದೆ. ಆದ್ದರಿಂದ ಒಂದು ದಿಂಬನ್ನು ನೋಡಿ ಅಂದು ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು ಎಂದು ಹೇಳಬಹುದು. ಇದು ಸುಮಾರು 250 ಕೋಟಿ ವರ್ಷಗಳ ಹಿಂದಿನ ಮಾತು. ಬರದ ನಾಡೆಂದು ಹೆಸರಾದ ಈ ಸೀಮೆಯ ಕಲ್ಲು ಹುಟ್ಟಿದ್ದು ನೀರಿನೊಳಗೆ! ಇದಕ್ಕಿಂತ ದೊಡ್ಡ ವಿಪರ್ಯಾಸ ನಮ್ಮ ಯಾವ ಕಾವ್ಯದಲ್ಲಿದೆಯೋ ನಾನರಿಯೆ. ‘ನೋಡುವಂಥದ್ದೇನೂ ಇಲ್ಲ’ ಎಂಬ ಬಯಲಿನಿಂದ ಇದು ಸೈಕಲ್ಲಿನಲ್ಲಿ ಕೆಲವೇ ಗಂಟೆಗಳ ದೂರ.

ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕರ್ನಾಟಕದಲ್ಲಿ ಅಂಥ ಮನ್ನಣೆ ಪಡೆದ ಇತರ ತಾಣಗಳೆಂದರೆ ಲಾಲ್‌ಬಾಗಿನ ಬಂಡೆ, ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲು, ಕೋಲಾರದ ಚಿನ್ನದ ಗಣಿಯ ಸೀಮೆಯ ಪೆದ್ದಪಲ್ಲಿ. ಲಾಲ್‌ಬಾಗನ್ನು ಬಿಟ್ಟರೆ ಉಳಿದ ಮೂರೂ ಜ್ವಾಲಾಮುಖಿಯ ಸಂತಾನ.

ಹೊರದೇಶದ ಒಂದು ಹೋಲಿಕೆ ಇಲ್ಲಿ ಉಪಯುಕ್ತವಾದೀತು. ಜರ್ಮನಿಯ ಐಫೆಲ್ ಪ್ರದೇಶದಲ್ಲಿ, ಕಿತ್ತುಹಾಕಿದ ಹಳೆಯ ರೈಲುದಾರಿಯ ಮೇಲೆ ಸುಮಾರು 58 ಕಿಲೋಮೀಟರಿನ ಸೈಕಲ್ ಹಾದಿಯೊಂದಿದೆ. ಡೌನ್ ಎಂಬ ಊರಿನಿಂದ ಹೊರಟು, ಜ್ವಾಲಾಮುಖಿ ಸಿಡಿದು ಉಂಟಾದ ಬಟ್ಟಲು ಕೆರೆಗಳ ನೆರೆಯಿಂದ ಮೋಸೆಲ್ ನದಿಯ ದ್ರಾಕ್ಷಿಯ ಕಣಿವೆಗೆ ಅದು ಇಳಿಯುತ್ತದೆ. ಹಾದಿಯ ಹೆಸರಿನಲ್ಲಿಯೇ ಆ ಕೆರೆಗಳೂ ಇವೆ, ನದಿಯೂ ಇದೆ. ಅದೇ ಐಫೆಲ್ಲಿನ ಮಾಯೆನ್ ಎಂಬಲ್ಲಿಯ ಲಾವಾಶಿಲೆಯಿಂದ ರೋಮನರ ಕಾಲದಲ್ಲಿಯೇ ಬೀಸುವ ಕಲ್ಲುಗಳನ್ನು ಮಾಡಿ ರೈನ್ ನದಿಯ ಮೂಲಕ ದೂರದೂರಕ್ಕೆ ಕಳಿಸುತ್ತಿದ್ದರು. ಅಲ್ಲಿನ ಬೀಸೆಕಲ್ಲಿನ ಕಥೆ ಹೀಗೆ!

ಆದರೆ ಐಫೆಲ್ಲಿನ ಬರಹಗಾರನ ಕೆಲಸ ನಮ್ಮವನ ಕೆಲಸಕ್ಕಿಂತ ಸುಲಭ. ಅಲ್ಲಿನ ಜ್ವಾಲಾಮುಖಿಗಳು ಎಳೆಯವು. ಲಾಖ್ ಸರೋವರದ ದೊಡ್ಡ ಸ್ಫೋಟ ನಡೆದು ಸುಮಾರು 13,000 ವರ್ಷವಾಗಿದೆ ಅಷ್ಟೆ. ಬಟ್ಟಲು ಬಟ್ಟಲಾಗಿಯೇ ಇದೆ, ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಬೆಂಕಿಯ ಬಾಯಿ ಎಂದೋ ಅಳಿಸಿಹೋಗಿದೆ, ಕಡಲೂ ಹೋಗಿದೆ. ಉಳಿದಿರುವುದು ಒಂದು ದಿಬ್ಬ, ಕೆಲವು ದಿಂಬುಗಲ್ಲು, ಎರೆಮಣ್ಣು, ಒಂದು ನದಿ. ಅಲ್ಲಿ ಕಣ್ಣು ತಾನಾಗಿ ಕಾಣುವುದನ್ನು ಇಲ್ಲಿ ಮಾತು ಕಾಣಿಸಬೇಕು. ಹೀಗೆ ಕಾಣಿಸುವ ಕೆಲಸಕ್ಕೇ ಅಲ್ಲವೆ ಸಾಹಿತ್ಯವೆಂದು ಹೆಸರು?

ಹಾದಿಪಟ್ಟಿಯೊಂದನ್ನು ಹಿಡಿದು ಇಷ್ಟು ಮಾತೇಕೆ, ಅದರ ಕೆಲಸ ನೀರು ನೆರಳು ತೋರಿಸುವುದಷ್ಟೇ ಎಂದು ಯಾರಾದರೂ ಕೇಳಬಹುದು. ಒಪ್ಪತಕ್ಕ ಮಾತೇ. ಪಟ್ಟಿಯ ಸಂಕ್ಷೇಪ ದೋಷವಲ್ಲ. ಕುರಿಗಾಹಿಯ ಮಾತು ಅದಕ್ಕಿಂತ ಉದ್ದವಾಗಿರಲಿಲ್ಲ. ದೋಷವಿರುವುದು ‘ಇಲ್ಲ’ ಎಂಬ ತೀರ್ಪಿನಲ್ಲಿ. ತನಗೆ ಓದಲು ಬಾರದ ಪುಟವನ್ನು ಖಾಲಿ ಪುಟವೆಂದು ಹೇಳುವುದು ವಿಮರ್ಶೆಯಲ್ಲಿ ಹೇಗೆ ತಪ್ಪೋ ಪ್ರವಾಸದಲ್ಲಿಯೂ ಹಾಗೆಯೇ ತಪ್ಪು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಆ ಹುಡುಗನಿಗೆ ಮೂರು ವರ್ಷ ಕನ್ನಡ ಕಲಿಸಿದವನು ನಾನು. ಉಪಮೆ ರೂಪಕಗಳ ಭೇದ ಹೇಳಿಕೊಟ್ಟೆ. ಬೆಣಚು, ಬಳಪ, ಕಗ್ಗಲ್ಲು, ಮಸಾರಿ, ಎರೆ, ಮೊರಂಪು ಎಂಬ ಮಾತುಗಳಿಗೆ ಅರ್ಥವುಂಟೆಂದು ಹೇಳಿಕೊಡಲಿಲ್ಲ. ಅವು ನಿಘಂಟಿನಲ್ಲಿ ಕ್ಷೇಮವಾಗಿವೆಯೆಂದು ನಂಬಿಕೊಂಡಿದ್ದೆ.

ಈ ನಂಬಿಕೆಯಲ್ಲಿ ಅಪಾಯವಿದೆ. ಹೆಸರಿರುವ ಕಲ್ಲಿಗೆ ಯಾರಾದರೂ ಒಬ್ಬರು ದಿಕ್ಕಾಗುತ್ತಾರೆ. ಹೆಸರಿಲ್ಲದ ಕಲ್ಲು ಜಲ್ಲಿಯಾಗುತ್ತದೆ. ಸ್ಮಾರಕವೆಂದು ಫಲಕ ಹಾಕಿದ ನಾಲ್ಕು ತಾಣಗಳನ್ನು ಸರ್ಕಾರ ಕಾಯಬಹುದು. ಅವುಗಳ ನಡುವಣ ನೂರಾರು ಮೈಲಿಯ ನೆಲವನ್ನು ಅಲ್ಲಿ ಹಾದುಹೋಗುವವರ ತಿಳಿವಳಿಕೆಯೇ ಕಾಯಬೇಕು. ಕಾಲ್ನಡಿಗೆಗಿಂತ ಬೇಗ, ಮೋಟಾರಿಗಿಂತ ನಿಧಾನ. ಬೇಕಾದಲ್ಲಿ ಇಳಿದು ಕಲ್ಲನ್ನು ಮುಟ್ಟಿ ನೋಡುವ ಅನುಕೂಲ. ಇಂಥ ಕೆಲಸಕ್ಕೆ ಸೈಕಲ್ ಸವಾರನಿಗಿಂತ ತಕ್ಕ ಬರಹಗಾರ ಬೇರೊಬ್ಬನಿಲ್ಲ. ಭಾನುವಾರದ ಆ ಗುಂಪುಗಳಲ್ಲಿ ಒಬ್ಬನಾದರೂ ಪೆನ್ನು ಹಿಡಿದಾನೆಂಬ ಆಸೆ ನನಗಿದೆ.

ಹಿಂದಿರುಗಿದ ಮೇಲೆ ಹಾದಿಪಟ್ಟಿಯನ್ನು ನನ್ನ ವಿದ್ಯಾರ್ಥಿಗೆ ಕೊಟ್ಟೆ. ಆ ಒಂದು ವಾಕ್ಯವನ್ನು ಹೊಡೆದುಹಾಕಿ, ಅಂಚಿನಲ್ಲಿ ಬರೆದಿದ್ದೆ: ‘ಇಲ್ಲಿ ಮಸಾರಿ ಮುಗಿದು ಎರೆ ಶುರುವಾಗುತ್ತದೆ. ಇಳಿದು ನೋಡುವುದು.’ ಅವನು ಓದಿ, ‘ಎರೆ ಎಂದರೇನು ಸರ್?’ ಎಂದು ಕೇಳಿದ. ಮುಂದಿನ ತಿಂಗಳು ಇಬ್ಬರೂ ಹೊರಡುವುದೆಂದು ಗೊತ್ತುಮಾಡಿದ್ದೇವೆ.