ಹಾಲಿನ ಲೆಕ್ಕದಿಂದ ಶುರುಮಾಡಿ

ಮೊದಲ ಮೊಬೈಲ್ ಆ್ಯಪ್ ಕಟ್ಟಲು ಹೊರಟವರು ಏನನ್ನು ಕಟ್ಟಬೇಕೆಂದು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: ಮನೆಯ ಹಾಲಿನ ಲೆಕ್ಕ. ಕೇಳಿದವರ ಮುಖ ಸಣ್ಣಗಾಗುತ್ತದೆ. ಅವರ ತಲೆಯಲ್ಲಿ ಊರಿನ ಆಟೊಗಳನ್ನೆಲ್ಲ ಒಂದೆಡೆ ತರುವ ಆ್ಯಪ್ ಇರುತ್ತದೆ, ಇಲ್ಲವೇ ರೈತರ ತರಕಾರಿಯನ್ನು ನೇರ ಮನೆಬಾಗಿಲಿಗೆ ಮುಟ್ಟಿಸುವ ಯೋಜನೆ ಇರುತ್ತದೆ. ಒಳ್ಳೆಯ ಆಸೆಗಳೇ. ಆದರೆ ಅಂಥ ಆ್ಯಪ್‌ಗಳ ಬಹುಪಾಲು ಕೆಲಸ ಇರುವುದು ಫೋನಿನ ಹೊರಗೆ: ಸರ್ವರ್‌ನಲ್ಲಿ, ಹಣ ಪಾವತಿಯ ವ್ಯವಸ್ಥೆಯಲ್ಲಿ, ಆಟೊದವರನ್ನು ಕೂರಿಸಿ ಒಪ್ಪಿಸುವುದರಲ್ಲಿ. ಹೊಸಬರು ಲಾಗಿನ್ ಪರದೆಯೊಂದನ್ನು ಮುಗಿಸುವಷ್ಟರಲ್ಲಿ ಉತ್ಸಾಹ ಬತ್ತಿರುತ್ತದೆ. ಹಾಲಿನ ಲೆಕ್ಕ ಹಾಗಲ್ಲ. ಅದಕ್ಕೆ ಬೇಕಾದದ್ದೆಲ್ಲ ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲೇ ಇದೆ.

ಲ್ಯಾಪ್‌ಟಾಪ್ ತೆರೆಯುವ ಮುನ್ನ ಆ ಕ್ಯಾಲೆಂಡರನ್ನು ಒಂದರ್ಧ ಗಂಟೆ ನೋಡಿ. ವರ್ತನೆ ಹಾಲು ತರಿಸುವ ಮನೆಗಳಲ್ಲಿ ತಾರೀಖಿನ ಪಕ್ಕ ಪೆನ್ನಿನಲ್ಲಿ ಬರೆದ ಒಂದು ಅಂಕಿ ಇರುತ್ತದೆ: ಅರ್ಧ, ಒಂದು, ಹಬ್ಬದ ದಿನ ಎರಡು. ಊರಿಗೆ ಹೋದ ದಿನಗಳಿಗೆ ಅಡ್ಡಗೆರೆ. ಮೂಲೆಯಲ್ಲಿ ಎಲ್ಲೋ ಮುಂಗಡ ಕೊಟ್ಟ ಮೊತ್ತ. ತಿಂಗಳ ಕೊನೆಗೆ ಕೂಡಿ, ಗುಣಿಸಿ, ಚುಕ್ತಾ. ವರ್ಷಗಟ್ಟಲೆ ಕೈಬಳಕೆಯಲ್ಲಿ ತಿದ್ದಿಕೊಂಡ ವ್ಯವಸ್ಥೆ ಇದು. ಇದರ ಒಂದೊಂದು ಗುರುತಿಗೂ ಕಾರಣ ಹುಡುಕುತ್ತ ಹೋದರೆ ಆ್ಯಪ್‌ನ ಅರ್ಧ ವಿನ್ಯಾಸ ಕಾಗದದ ಮೇಲೇ ಮುಗಿಯುತ್ತದೆ.

ಒಂದೇ ಉದಾಹರಣೆ ಸಾಕು. ಕ್ಯಾಲೆಂಡರಿನಲ್ಲಿ ಖಾಲಿ ಚೌಕವೂ ಇದೆ, ಅಡ್ಡಗೆರೆ ಎಳೆದ ಚೌಕವೂ ಇದೆ. ಗೆರೆ ಎಂದರೆ ಅಂದು ಹಾಲು ಬೇಡ ಎಂದಿದ್ದೆವು. ಖಾಲಿ ಎಂದರೆ ಬರೆಯಲು ಮರೆತಿದ್ದೇವೆ. ಹೊಸಬರು ಬರೆಯುವ ಕೋಡಿನಲ್ಲಿ ಇವೆರಡೂ ಸೊನ್ನೆಯಾಗಿಬಿಡುತ್ತವೆ. ತಿಂಗಳ ಕೊನೆಯಲ್ಲಿ ಮರೆತ ಮೂರು ದಿನಗಳ ಹಾಲಿನ ದುಡ್ಡು ಹಾಲಿನವರ ಕೈತಪ್ಪುತ್ತದೆ. ‘ಸೊನ್ನೆ’ ಬೇರೆ, ‘ಗೊತ್ತಿಲ್ಲ’ ಬೇರೆ. ಪ್ರೋಗ್ರಾಮಿಂಗ್‌ನಲ್ಲಿ ಈ ಎರಡನೆಯದಕ್ಕೆ ನಲ್ ಎನ್ನುತ್ತಾರೆ. 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗಾಗಿ ನಲ್ ರೆಫರೆನ್ಸನ್ನು ತಂದ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪು ಎಂದು ಕರೆದರು. ಯಾವ ಜಾಗ ಖಾಲಿ ಇರಬಹುದು ಎಂಬುದನ್ನು ಭಾಷೆ ಮೊದಲೇ ಕೇಳುತ್ತಿರಲಿಲ್ಲ. ಹಾಗಾಗಿ ದಶಕಗಳ ಕಾಲ ಪ್ರೋಗ್ರಾಂಗಳು ನಡುದಾರಿಯಲ್ಲಿ ಕುಸಿಯುತ್ತ ಬಂದವು. ಇಂದು ಆಂಡ್ರಾಯ್ಡ್ ಆ್ಯಪ್‌ಗಳನ್ನು ಬರೆಯುವ ಕೋಟ್ಲಿನ್ ಭಾಷೆ ಆ ಪ್ರಶ್ನೆಯನ್ನು ಮೊದಲೇ ಕೇಳುತ್ತದೆ. ಸಂಖ್ಯೆಯ ಬಗೆಯನ್ನು ಸೂಚಿಸುವ ‘ಇಂಟ್’ ಪದದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಈ ಜಾಗ ಖಾಲಿ ಇರಬಹುದು ಎಂದರ್ಥ. ಹಾಕದಿದ್ದರೆ ಖಾಲಿ ಬಿಡಲು ಬಿಡುವುದಿಲ್ಲ. ಅಮ್ಮ ಕ್ಯಾಲೆಂಡರಿನಲ್ಲಿ ಎಳೆಯುವ ಗೆರೆಯ ಅರ್ಥ ತಿಳಿದವರಿಗೆ ಈ ಚಿಹ್ನೆಯನ್ನು ಯಾರೂ ವಿವರಿಸಬೇಕಿಲ್ಲ.

ಈಗ ದರಕ್ಕೆ ಬನ್ನಿ. ಈ ಆ್ಯಪ್‌ನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಭಾಗ ಇದು. ಹೊಸಬರು ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನಲ್ಲಿ ‘ಲೀಟರಿಗೆ ಇಷ್ಟು’ ಎಂದು ಒಂದು ಜಾಗ ಇಟ್ಟು, ಒಟ್ಟು ಲೀಟರನ್ನು ಅದರಿಂದ ಗುಣಿಸುತ್ತಾರೆ. ಹದಿನೈದನೇ ತಾರೀಖಿಗೆ ದರ ಏರಿತು ಎಂದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಹೊಸ ದರ ಹಾಕಿದ ಕ್ಷಣವೇ ಹಿಂದಿನ ಹದಿನಾಲ್ಕು ದಿನಗಳ ಹಾಲೂ ದುಬಾರಿಯಾಗುತ್ತದೆ. ಕಳೆದ ವರ್ಷದ ಬಿಲ್ ಕೂಡ ತಾನಾಗಿಯೇ ಬದಲಾಗುತ್ತದೆ. ದರ ಇರಬೇಕಾದ್ದು ಆಯಾ ದಿನದ ಸಾಲಿನಲ್ಲಿ: ತಾರೀಖು, ಪ್ರಮಾಣ, ಅಂದಿನ ದರ. ಆಗಿಹೋದ ವ್ಯವಹಾರವನ್ನು ಇಂದಿನ ಬೆಲೆ ಮುಟ್ಟಬಾರದು. ಬ್ಯಾಂಕಿನ ಲೆಜರ್ ಬರೆಯುವವರೂ ಅನುಸರಿಸುವ ನಿಯಮವಿದು.

ಪ್ರಮಾಣದ ಕಥೆ ಇನ್ನೂ ಸ್ವಾರಸ್ಯದ್ದು. ಪ್ಯಾಕೆಟ್ ಎಂದರೆ 500 ಮಿಲಿಲೀಟರ್ ಎಂದು ಕೋಡಿನಲ್ಲಿ ಬರೆದುಬಿಡುವುದು ಸುಲಭ. 2024ರ ಜೂನ್‌ನಲ್ಲಿ ಕರ್ನಾಟಕ ಹಾಲು ಮಹಾಮಂಡಳವು ನಂದಿನಿಯ ಪ್ರತಿ ಪ್ಯಾಕೆಟ್‌ಗೆ 50 ಮಿಲಿಲೀಟರ್ ಹಾಲು ಸೇರಿಸಿ 2 ರೂಪಾಯಿ ಹೆಚ್ಚಿಸಿತು. ಅರ್ಧ ಲೀಟರಿನ ಪ್ಯಾಕೆಟ್ 550 ಆಯಿತು, ಒಂದು ಲೀಟರಿನದು 1050. 2025ರ ಏಪ್ರಿಲ್ 1ರಿಂದ ದರ ಲೀಟರಿಗೆ 4 ರೂಪಾಯಿ ಏರಿತು, ಪ್ಯಾಕೆಟ್ ಮತ್ತೆ ಹಳೆಯ ಅಳತೆಗೆ ಮರಳಿತು. ಒಂದು ವರ್ಷದೊಳಗೆ ಎರಡು ಸಲ ಬದಲಾದದ್ದು ಬೆಲೆಯೊಂದೇ ಅಲ್ಲ, ‘ಪ್ಯಾಕೆಟ್’ ಎಂಬುದರ ಅಳತೆಯೂ. ಯಾವ ಸಂಗತಿ ಎಂದೂ ಬದಲಾಗದು ಎಂದು ನಂಬಿ ಕೋಡಿನಲ್ಲಿ ಹೂಳುತ್ತೇವೋ ಅದನ್ನು ಮುಂದೊಂದು ದಿನ ಅಗೆದು ತೆಗೆಯಬೇಕಾಗುತ್ತದೆ. ಅದಕ್ಕೇ ಹಾಲಿನ ಬಗೆಗಳದ್ದು ಬೇರೆ ಪಟ್ಟಿ ಇರಲಿ. ನೀಲಿ ಪ್ಯಾಕೆಟ್, ಹಸಿರು ಪ್ಯಾಕೆಟ್, ಎದುರುಮನೆಯವರು ಕರೆದುಕೊಡುವ ಹಸುವಿನ ಹಾಲು, ಒಂದೊಂದಕ್ಕೂ ಅದರದೇ ಇಂದಿನ ಅಳತೆ ಮತ್ತು ದರ; ಬರೆದ ದಿನದ ಸಾಲಿಗೆ ಅವು ನಕಲಾಗಲಿ.

ಅಳತೆಯನ್ನು ಮಿಲಿಲೀಟರಿನಲ್ಲಿ, ದುಡ್ಡನ್ನು ಪೈಸೆಯಲ್ಲಿ, ಎರಡನ್ನೂ ಪೂರ್ಣಾಂಕಗಳಾಗಿ ಇಡಿ. ಕಂಪ್ಯೂಟರ್ ದಶಮಾಂಶಗಳನ್ನು ದ್ವಿಮಾನದಲ್ಲಿ ಅಂದಾಜಾಗಿ ಇಟ್ಟುಕೊಳ್ಳುವುದರಿಂದ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಹಾಲಿನವರ ಎದುರು ನಿಂತು ಆ ಬಾಲವನ್ನು ವಿವರಿಸಲಾಗದು.

ಇನ್ನು ಸಲಕರಣೆ. ಗೂಗಲ್‌ನ ಆಂಡ್ರಾಯ್ಡ್ ಸ್ಟುಡಿಯೊ ಉಚಿತ, ಆದರೆ ಭಾರ. 8 ಜಿಬಿ ರ್‍ಯಾಮ್‌ಗಿಂತ ಕಡಿಮೆ ಇರುವ ಲ್ಯಾಪ್‌ಟಾಪ್‌ನಲ್ಲಿ ಅದರ ಜೊತೆ ಏಗುವುದು ಕಷ್ಟ. ಅದು ಸಾಧ್ಯವಾಗದವರಿಗೆ ಎಂಐಟಿಯ ಆ್ಯಪ್ ಇನ್ವೆಂಟರ್ ಇದೆ. 2010ರಲ್ಲಿ ಗೂಗಲ್‌ನಲ್ಲಿ ಹುಟ್ಟಿ ಅನಂತರ ಎಂಐಟಿಗೆ ಬಂದ ಇದು ಬ್ರೌಸರ್‌ನಲ್ಲೇ ನಡೆಯುತ್ತದೆ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆ್ಯಪ್ ಮಾಡಬಹುದು. ಅದನ್ನು ಮಕ್ಕಳಾಟ ಎಂದು ಕಡೆಗಣಿಸುವವರ ಮಾತು ಕೇಳಬೇಡಿ. ಹಾಲಿನ ಲೆಕ್ಕಕ್ಕೆ ಅದು ಧಾರಾಳವಾಗಿ ಸಾಕು. ಐಫೋನಿಗೆ ಬರೆಯುವ ದಾರಿ ದುಬಾರಿ: ಆ್ಯಪಲ್‌ನ ಎಕ್ಸ್‌ಕೋಡ್‌ಗೆ ಮ್ಯಾಕ್ ಬೇಕು, ಆ್ಯಪ್ ಸ್ಟೋರ್‌ಗೆ ಹಾಕಲು ವರ್ಷಕ್ಕೆ 99 ಡಾಲರ್.

ಆಂಡ್ರಾಯ್ಡ್ ಸ್ಟುಡಿಯೊ ಆರಿಸಿಕೊಂಡರೆ, ಕಂಪ್ಯೂಟರಿನಲ್ಲೇ ನಕಲಿ ಫೋನ್ ತೋರಿಸುವ ಎಮ್ಯುಲೇಟರ್ ಬಿಟ್ಟು ನಿಮ್ಮ ಫೋನನ್ನೇ ಜೋಡಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬ ಸಾಲಿನ ಮೇಲೆ ಏಳು ಸಲ ಬೆರಳೊತ್ತಿದರೆ ನೀವೀಗ ಡೆವಲಪರ್ ಎಂಬ ಸಂದೇಶ ಮೂಡುತ್ತದೆ. ಆಮೇಲೆ ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿ ಕೇಬಲ್ ಹಾಕಿ. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್ ಇಲ್ಲಿ ಕೆಲಸಕ್ಕೆ ಬಾರದು, ಡೇಟಾ ಸಾಗಿಸುವ ಕೇಬಲ್ಲೇ ಬೇಕು. ಮೊದಲ ಸಲ ಬಿಲ್ಡ್ ಆಗಲು ಬಹಳ ಹೊತ್ತು ಹಿಡಿಯುತ್ತದೆ, ಬೇಕಾದ ಲೈಬ್ರರಿಗಳೆಲ್ಲ ಇಳಿಯಬೇಕು. ಕಾಯಿರಿ. ನೀವು ಬರೆದದ್ದು ನಿಮ್ಮದೇ ಫೋನಿನ ಪರದೆಯ ಮೇಲೆ, ಬೇರೆ ಆ್ಯಪ್‌ಗಳ ಸಾಲಿನಲ್ಲಿ ಒಂದು ಐಕಾನ್ ಆಗಿ ಬಂದು ಕೂತಾಗ ಆಗುವ ಖುಷಿ ದೊಡ್ಡದು. ಎಷ್ಟೋ ವರ್ಷ ಈ ಕೆಲಸ ಮಾಡಿದವರಿಗೂ ಅದು ಹಳತಾಗುವುದಿಲ್ಲ.

ಆ ಖುಷಿಯಲ್ಲೇ ಫೋನನ್ನು ಅಡ್ಡ ತಿರುಗಿಸಿ ನೋಡಿ. ಬರೆಯುತ್ತಿದ್ದ ಅಂಕಿಯೆಲ್ಲ ಮಾಯವಾಗಬಹುದು. ಪರದೆಯ ದಿಕ್ಕು ಬದಲಾದರೆ ಆಂಡ್ರಾಯ್ಡ್ ಆ ಪರದೆಯನ್ನೇ ಕೆಡವಿ ಹೊಸದಾಗಿ ಎಬ್ಬಿಸುತ್ತದೆ, ಬೇರೆ ವ್ಯವಸ್ಥೆ ಮಾಡದಿದ್ದರೆ. ಫೋನಿನ ನೆನಪಿನಲ್ಲಿ ಜಾಗ ಸಾಲದಾದರೆ ಹಿಂದೆ ಸರಿದ ಆ್ಯಪನ್ನು ಪೂರ್ತಿ ನಿಲ್ಲಿಸಿಯೂ ಬಿಡುತ್ತದೆ. ಹೊಸಬರಿಗೆ ಇದು ಅನ್ಯಾಯ ಅನಿಸುತ್ತದೆ. ಒಂದು ಕೈಯಗಲದ ಯಂತ್ರದಲ್ಲಿ ಕರೆ, ಕ್ಯಾಮೆರಾ, ನಕ್ಷೆ, ವಾಟ್ಸ್‌ಆ್ಯಪ್ ಎಲ್ಲ ಬಾಳಬೇಕಾದರೆ ಈ ಕಟ್ಟುನಿಟ್ಟು ಬೇಕೇಬೇಕು. ಹಾಗಾಗಿ ಉಳಿಯಬೇಕಾದ್ದು ಡೇಟಾಬೇಸಿಗೆ ಹೋಗಬೇಕು. ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಎಸ್‌ಕ್ಯೂಲೈಟ್ ಮೊದಲೇ ಇದೆ; ಅದನ್ನು ಕೋಟ್ಲಿನ್‌ನಿಂದ ಸಲೀಸಾಗಿ ಬಳಸಲು ರೂಮ್ ಎಂಬ ಲೈಬ್ರರಿ ಇದೆ. ಅಮೆರಿಕದ ನೌಕಾಪಡೆಯ ಯುದ್ಧನೌಕೆಯೊಂದರ ಸಾಫ್ಟ್‌ವೇರ್ ಕೆಲಸದಲ್ಲಿದ್ದ ರಿಚರ್ಡ್ ಹಿಪ್, ಬೇರೆ ಸರ್ವರಿನ ಹಂಗಿಲ್ಲದೆ ಓಡುವ ಡೇಟಾಬೇಸ್ ಬೇಕೆಂದು 2000ದಲ್ಲಿ ಎಸ್‌ಕ್ಯೂಲೈಟ್ ಬರೆದರು, ಹಕ್ಕುಸ್ವಾಮ್ಯ ಇಟ್ಟುಕೊಳ್ಳದೆ ಜಗತ್ತಿಗೆ ಬಿಟ್ಟರು. ನಮ್ಮ ಅರ್ಧ ಲೀಟರಿನ ಲೆಕ್ಕವನ್ನು ಕಾಯುವುದು ಆ ಕೋಡೇ.

ಆ್ಯಪ್ ಕನ್ನಡದಲ್ಲೇ ಇರಲಿ. ಇದನ್ನು ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಲೆಕ್ಕ ಬರೆಯುವವರು ಯಾವ ಭಾಷೆಯಲ್ಲಿ ಬರೆಯುತ್ತಾರೋ ಆ ಭಾಷೆ ಪರದೆಯ ಮೇಲೂ ಇರಬೇಕು. ಪರದೆಯ ಮಾತುಗಳನ್ನೆಲ್ಲ ಕೋಡಿನಿಂದ ಬೇರ್ಪಡಿಸಿ ಒಂದು ಫೈಲಿನಲ್ಲಿಡುವುದು ಆಂಡ್ರಾಯ್ಡ್‌ನ ಪದ್ಧತಿ. ಮೂಲ ಫೈಲಿನಲ್ಲಿ ಇಂಗ್ಲಿಷ್ ಇಟ್ಟು ಕನ್ನಡವನ್ನು ಪಕ್ಕದ ಫೋಲ್ಡರಿನಲ್ಲಿಟ್ಟರೆ, ಫೋನಿನ ಭಾಷೆ ಇಂಗ್ಲಿಷ್ ಇರುವವರಿಗೆ ಕನ್ನಡ ಕಾಣುವುದಿಲ್ಲ. ನಮ್ಮಲ್ಲಿ ಬಹಳಷ್ಟು ಫೋನುಗಳು ಅಂಗಡಿಯಿಂದ ಬಂದಂತೆ ಇಂಗ್ಲಿಷಿನಲ್ಲೇ ಇರುತ್ತವೆ. ಮೂಲದಲ್ಲೇ ಕನ್ನಡ ಇಡಿ. ಬಟನ್ನಿನ ಎತ್ತರವನ್ನು ಇಂತಿಷ್ಟೇ ಎಂದು ಬಿಗಿಯಬೇಡಿ. ಬಿಗಿದರೆ ‘ಲೆಕ್ಕ’ದ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. ಹೆಸರಿನ ಜಾಗಕ್ಕೆ ಅಕ್ಷರಗಳ ಮಿತಿ ಹಾಕುವಾಗಲೂ ಎಚ್ಚರ ಬೇಕು. ‘ಕೃಷ್ಣಪ್ಪ’ ನಮ್ಮ ಕಣ್ಣಿಗೆ ಮೂರು ಅಕ್ಷರ. ವ್ಯಂಜನ, ಸ್ವರಚಿಹ್ನೆ, ಹಲಂತ ಚಿಹ್ನೆಗಳನ್ನು ಯುನಿಕೋಡ್ ಬಿಡಿಬಿಡಿಯಾಗಿ ಇಡುವುದರಿಂದ ಕೋಟ್ಲಿನ್ ಅದನ್ನು ಎಂಟು ಎಂದು ಎಣಿಸುತ್ತದೆ. ಇಂಗ್ಲಿಷ್ ಲೆಕ್ಕದಲ್ಲಿ ಮಿತಿ ಹಾಕಿದ ಆ್ಯಪ್‌ಗಳಲ್ಲಿ ನಮ್ಮ ಹೆಸರುಗಳು ಅರ್ಧಕ್ಕೇ ನಿಲ್ಲುವುದು ಇದರಿಂದಲೇ.

ಈಗ ಎಐ ಸಹಾಯಕಗಳು ಇಡೀ ಆ್ಯಪನ್ನೇ ಬರೆದುಕೊಡುತ್ತವೆ. ಬಳಸಿ, ಅದರಲ್ಲಿ ಸಂಕೋಚ ಬೇಡ. ಕೆಂಪಕ್ಷರದ ದೋಷಸಂದೇಶದ ಅರ್ಥ ಕೇಳಲು ಅವುಗಳಷ್ಟು ತಾಳ್ಮೆಯ ಜೊತೆಗಾರ ಸಿಗುವುದಿಲ್ಲ. ಆದರೆ ತಾರೀಖು, ಪ್ರಮಾಣ, ದರಗಳ ಆ ಪುಟ್ಟ ಪಟ್ಟಿಯನ್ನು ನಿಮ್ಮ ಕೈಯಾರೆ ಬರೆಯಿರಿ. ನಿಮ್ಮ ಮನೆಯ ಅಡ್ಡಗೆರೆಯ ಅರ್ಥ ಗೊತ್ತಿರುವುದು ನಿಮಗೆ.

ಆ್ಯಪ್ ಸಿದ್ಧವಾದ ಮೇಲೆ ಮನೆಯಲ್ಲಿ ಲೆಕ್ಕ ಬರೆಯುವವರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ನೋಡಿ. ಈ ಘಟ್ಟದಲ್ಲಿ ಹೆಚ್ಚಿನವರು ಸೋಲುವುದು ಮಾತಾಡಿ. ‘ಅಲ್ಲಿ ಅಲ್ಲಮ್ಮ, ಮೇಲೆ ಒತ್ತು’ ಎಂದು ನೀವು ಹೇಳಿದಿರಿ ಎಂದರೆ ಆ ಬಟನ್ ಇರುವ ಜಾಗ ಸರಿಯಿಲ್ಲ. ಒದ್ದೆ ಕೈಯಲ್ಲಿ, ಒಲೆಯ ಮೇಲೆ ಹಾಲು ಕಾಯುತ್ತಿರುವಾಗ, ಒಂದೇ ಒತ್ತಿಗೆ ‘ಎಂದಿನಂತೆ’ ಎಂದು ದಾಖಲಾಗಬೇಕು. ಮಾಮೂಲಿನ ದಿನಕ್ಕೆ ಒಂದು ಒತ್ತು, ಬದಲಾದ ದಿನಕ್ಕೆ ಮಾತ್ರ ಹೆಚ್ಚು. ಅಷ್ಟು ಸಲೀಸಾಗದಿದ್ದರೆ ಪೆನ್ನೇ ಗೆಲ್ಲುತ್ತದೆ, ಗೆಲ್ಲಬೇಕಾದ್ದೂ ಅದೇ.

ಪ್ಲೇ ಸ್ಟೋರ್‌ಗೆ ಅವಸರ ಬೇಡ. ಅಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಮೊದಲು ಪರೀಕ್ಷಕರಿಗೆ ಕೊಟ್ಟು 14 ದಿನ ಸತತವಾಗಿ ನಡೆಸಿ ತೋರಿಸಬೇಕು. 20 ಜನ ಬೇಕೆಂದಿದ್ದ ನಿಯಮ 2024ರ ಕೊನೆಗೆ 12ಕ್ಕೆ ಇಳಿಯಿತು. ಹೊಸಬರು ಇದನ್ನು ಕಿರುಕುಳ ಎನ್ನುತ್ತಾರೆ, ನನಗೆ ಹಾಗನಿಸುವುದಿಲ್ಲ. ಬೀದಿಯಲ್ಲಿ ಹಾಲು ತರಿಸುವ ಹನ್ನೆರಡು ಮನೆ ಸಿಗುವುದು ಕಷ್ಟವಲ್ಲ, ಮತ್ತು ಹನ್ನೆರಡು ಮನೆಗಳ ಲೆಕ್ಕ ಹನ್ನೆರಡು ರೀತಿ ಇರುತ್ತದೆ. ಒಬ್ಬರು ಕೂಪನ್ ಕೊಳ್ಳುತ್ತಾರೆ, ಇನ್ನೊಬ್ಬರು ಹದಿನೈದು ದಿನಕ್ಕೊಮ್ಮೆ ಕೊಡುತ್ತಾರೆ, ಮತ್ತೊಬ್ಬರಿಗೆ ಬೆಳಿಗ್ಗೆ ಒಬ್ಬರ ಹಾಲು, ಸಂಜೆ ಇನ್ನೊಬ್ಬರದು.

ಯಾರೋ ಒಬ್ಬರು ಖಂಡಿತ ಕೇಳುತ್ತಾರೆ: ನನ್ನ ಫೋನಿನಲ್ಲಿ ಬರೆದದ್ದು ಮನೆಯವರ ಫೋನಿನಲ್ಲೂ ಕಾಣಬೇಕಲ್ಲ? ಅದಕ್ಕೆ ಸರ್ವರ್ ಬೇಕು, ಲಾಗಿನ್ ಬೇಕು, ಒಂದೇ ದಿನಕ್ಕೆ ಇಬ್ಬರೂ ಬೇರೆ ಬೇರೆ ಅಂಕಿ ಬರೆದರೆ ಯಾರದು ನಿಲ್ಲಬೇಕೆಂಬ ತೀರ್ಮಾನ ಬೇಕು. ಅದು ಎರಡನೆಯ ಆ್ಯಪ್‌ನ ಕೆಲಸ.