ಆಳ ಕೇಳಬೇಡಿ, ಪದರ ಕೇಳಿ

ಈ ವಾರ ಮನ್ಸೆಲ್ ಬಣ್ಣದ ಪುಸ್ತಕದ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಅಲ್ಲಿಂದಲೇ ಶುರುಮಾಡುತ್ತೇನೆ. ಕೊನೆಯವರೆಗೂ ಅಲ್ಲೇ ಇರುತ್ತೇನೆಂಬ ಭರವಸೆ ಮಾತ್ರ ನನ್ನ ಖಾಯಂ ಓದುಗರು ಇಟ್ಟುಕೊಳ್ಳಲಾರರು.

ಅಮೆರಿಕದ ಚಿತ್ರಕಲಾ ಮೇಷ್ಟರು ಆಲ್ಬರ್ಟ್ ಮನ್ಸೆಲ್ ಬಣ್ಣಗಳನ್ನು ಅಂಕಿಯಲ್ಲಿ ಹಿಡಿಯಲು ಹೊರಟದ್ದು ಮಣ್ಣಿಗಾಗಿ ಅಲ್ಲ. ಆದರೂ ಅವರ ಪದ್ಧತಿಯ ಪುಸ್ತಕ ಅತಿ ಹೆಚ್ಚು ಕೊಳೆಯಾಗುವುದು ನಮ್ಮ ಉತ್ಖನನದವರ ಕೈಯಲ್ಲಿ. ಈಗಷ್ಟೇ ಕೆರೆದ ಮಣ್ಣಿನ ಹೆಂಟೆಯನ್ನು ಪುಟದ ತೂತಿನ ಹಿಂದೆ ಹಿಡಿದು, ಅಕ್ಕಪಕ್ಕದ ಬಣ್ಣದ ಚೌಕಗಳ ಜೊತೆ ಹೋಲಿಸಿ, '10 ವೈಆರ್ 3/2' ಎಂದು ಬರೆದುಕೊಳ್ಳಬೇಕು. ಮೊದಲಿನದು ಬಣ್ಣದ ಜಾತಿ, ನಡುವಿನದು ಅದರ ತಿಳಿ-ಗಾಢ, ಕೊನೆಯದು ಅದರ ಕಸುವು. ಮಣ್ಣು ಒದ್ದೆಯಿತ್ತೋ ಒಣಗಿತ್ತೋ ಎಂಬುದನ್ನು ಪಕ್ಕದಲ್ಲೇ ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ, ಏಕೆಂದರೆ ಬೆಳಿಗ್ಗೆ ಹಸಿಯಾಗಿ ಕಪ್ಪಗಿದ್ದ ಪದರ ಮಧ್ಯಾಹ್ನದ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿರುತ್ತದೆ. ತಂಪು ಕನ್ನಡಕ ಹಾಕಿಕೊಂಡು ಬಣ್ಣ ನೋಡುವವರನ್ನು ಗುಂಡಿಯ ಹತ್ತಿರ ಬಿಡಬಾರದು ಎಂಬುದು ನನ್ನ ಹಳೆಯ ಹಟ.

ಇಷ್ಟಾಗಿಯೂ ಬಣ್ಣವೆಂಬುದು ಪದರದ ಪುಸ್ತಕದಲ್ಲಿ ಒಂದು ಕಲಮು ಮಾತ್ರ. ಮಣ್ಣು ಬಿಗಿಯೋ ಸಡಿಲವೋ, ಜೇಡಿಯೋ ಮರಳೋ, ಅದರಲ್ಲಿ ಇದ್ದಿಲಿದೆಯೇ, ಸುಣ್ಣದ ಹರಳಿದೆಯೇ, ಮೇಲಿನ ಪದರಕ್ಕೂ ಇದಕ್ಕೂ ಗಡಿ ಚೂಪಾಗಿದೆಯೋ ಕಲಸಿಹೋಗಿದೆಯೋ, ಇವೆಲ್ಲ ಬೇಕು. ಇದ್ಯಾವುದನ್ನೂ ಹೊರಗಿನವರು ಕೇಳುವುದಿಲ್ಲ. ಅವರದು ಒಂದೇ ಪ್ರಶ್ನೆ: "ಎಷ್ಟು ಅಡಿ ಆಳದಲ್ಲಿ ಸಿಕ್ತು ಸಾರ್?"

ಅಂಕಣ ಹಳಿ ತಪ್ಪುವುದು ಇಲ್ಲಿಯೇ. ಈ ಅಡಿ ಲೆಕ್ಕದವರ ಮೇಲೆ ನನಗಿರುವ ಸಿಟ್ಟು ಹಳೆಯದು. ಪಾಯ ತೋಡುವಾಗ ಮೂರ್ತಿ ಸಿಕ್ಕರೆ ಸಾಕು, 'ಇಪ್ಪತ್ತು ಅಡಿ ಆಳದಲ್ಲಿ' ಎಂಬುದು ತಲೆಬರಹಕ್ಕೆ ಏರುತ್ತದೆ. ಆಳ ಹೆಚ್ಚಿದಷ್ಟೂ ಹಳತು ಎಂಬ ನಂಬಿಕೆ ಅದರ ಬೆನ್ನಿಗೇ ಬರುತ್ತದೆ. ಬಯಲುಸೀಮೆಯ ಓದುಗರು ತಮ್ಮ ಊರಿನ ಹಗೇವನ್ನೇ ನೆನೆಯಲಿ. ಜೋಳ ತುಂಬಿಡಲು ಅಜ್ಜ ಅಂಗಳದಲ್ಲಿ ಆಳೆತ್ತರಕ್ಕಿಂತ ಆಳವಾಗಿ ತೋಡಿಸಿದ್ದ ಹಗೇವು ಪಾಳುಬಿದ್ದ ಮೇಲೆ ಅದಕ್ಕೆ ಕಸಕಡ್ಡಿ, ಒಡೆದ ಬಳೆ, ಸವೆದ ಕಾಸು ಎಲ್ಲ ಬಿದ್ದವು. ಊರು ನಿಂತಿರುವುದು ಹಳೆಯ ದಿಬ್ಬದ ಮೇಲಾದರೆ, ಹಗೇವಿನ ತಳದ ಕಾಸೂ ಅದರ ಪಕ್ಕದ ಮಣ್ಣಿನಲ್ಲಿರುವ ನವಶಿಲಾಯುಗದ ಕಲ್ಲುಕೊಡಲಿಯೂ ಒಂದೇ ಮಟ್ಟದಲ್ಲಿರುತ್ತವೆ. ಅಡಿಪಟ್ಟಿ ಹಿಡಿದವನ ದಫ್ತರದಲ್ಲಿ ಎರಡೂ ಸಮಕಾಲೀನ. ಪದರ ಓದುವವನಿಗೆ ಹಗೇವಿನ ಅಂಚು ಮೇಲಿನ ಯಾವ ಪದರದಿಂದ ಕೆಳಗಿಳಿದಿದೆ ಎಂಬುದು ಕಾಣುತ್ತದೆ. ಅವನು ತೋಡಿದ ಗುಂಡಿಗೊಂದು ನಂಬರು, ಗುಂಡಿ ತುಂಬಿದ ಮಣ್ಣಿಗೆ ಬೇರೊಂದು ನಂಬರು ಕೊಟ್ಟು ಕಾಸನ್ನು ಅಜ್ಜನ ಕಾಲಕ್ಕೇ ಕಳುಹಿಸುತ್ತಾನೆ. ಇಳಿಜಾರಿನಲ್ಲಂತೂ ಒಂದೇ ಪದರ ಒಂದು ತುದಿಯಲ್ಲಿ ಮೊಣಕಾಲುದ್ದಕ್ಕೆ, ಇನ್ನೊಂದು ತುದಿಯಲ್ಲಿ ಆಳೆತ್ತರಕ್ಕೆ ಸಿಗುತ್ತದೆ.

ಇದು ಹಳ್ಳಿಯವರ ಮುಗ್ಧತೆ ಎಂದು ನಗಬೇಡಿ. ಮೊಹೆಂಜೊದಾರೊದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ಇದನ್ನು ಮಾಡಿದರು. ಜಾನ್ ಮಾರ್ಷಲ್ ಕಾಲದಲ್ಲಿ, ಆಮೇಲೆ ಅರ್ನೆಸ್ಟ್ ಮೆಕೇ ಕೈಯಲ್ಲಿ, ವಸ್ತುಗಳನ್ನು ಬಹುಮಟ್ಟಿಗೆ ಒಂದು ಸ್ಥಿರ ಬಿಂದುವಿನಿಂದ ಎಷ್ಟು ಅಡಿ ಕೆಳಗೆ ಎಂಬ ಲೆಕ್ಕದಲ್ಲೇ ದಾಖಲಿಸಿದರು. ಅಳತೆಯಲ್ಲಿ ಲೋಪ ಹುಡುಕಲಾಗದು, ಅಷ್ಟು ನಿಖರ. ಆದರೆ ಆ ನಗರವೇನು ಮೇಜಿನಂತೆ ಸಪಾಟಾಗಿ ಬೆಳೆಯಲಿಲ್ಲ. ಒಂದು ಬೀದಿಯ ಮನೆ ಕುಸಿದು ಅದರ ಮೇಲೆ ಇನ್ನೊಂದು ಏಳುವಾಗ ಪಕ್ಕದ ಬೀದಿ ತಗ್ಗಿನಲ್ಲೇ ಇರುತ್ತಿತ್ತು. 1938ರಲ್ಲಿ ಮೆಕೇ ಅವರ ದಪ್ಪ ವರದಿ ಬಂತು. ಅದರಲ್ಲಿ ಮುದ್ರೆಯ ಆಳ ಸಿಗುತ್ತದೆ. ಆ ಮುದ್ರೆ ನೆಲದ ಮೇಲಿತ್ತೋ, ನೆಲದಡಿಯ ತುಂಬುಮಣ್ಣಿನಲ್ಲಿತ್ತೋ, ಆಮೇಲೆ ತೋಡಿದ ಗುಂಡಿಯಲ್ಲಿತ್ತೋ ಎಂದು ಕೇಳಿದರೆ ಎಷ್ಟೋ ಕಡೆ ವರದಿ ಬಾಯಿ ಬಿಡುವುದಿಲ್ಲ. ಮತ್ತೆ ಅಗೆದು ನೋಡೋಣವೆಂದರೆ ಆ ಮಣ್ಣು ಎಂದೋ ಬುಟ್ಟಿ ಸೇರಿ ಹೋಗಿದೆ.

ಈ ಪದ್ಧತಿಗೆ ಚಾಟಿ ಬೀಸಿದವರು ಮಾರ್ಟಿಮರ್ ವೀಲರ್. 1944ರಲ್ಲಿ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿ ಬಂದ ಈ ಬ್ರಿಗೇಡಿಯರ್, ತಕ್ಷಶಿಲೆಯಲ್ಲಿ ಹುಡುಗರಿಗೆ ಶಾಲೆ ನಡೆಸಿ, ಮರುವರ್ಷ ಅರಿಕಮೇಡು ಅಗೆದು, 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೂ ಚಂದ್ರವಳ್ಳಿಗೂ ಬಂದರು. 1954ರಲ್ಲಿ ಅವರು ಬರೆದ 'ಆರ್ಕಿಯಾಲಜಿ ಫ್ರಮ್ ದಿ ಅರ್ತ್' ನನ್ನ ಮೇಜಿನಿಂದ ಇಳಿಯದ ಪುಸ್ತಕ. ಅದರಲ್ಲೊಂದು ಚಿತ್ರವಿದೆ. ಒಂದೇ ದಿಬ್ಬದ ಸೀಳುನೋಟವನ್ನು ಒಮ್ಮೆ ಪದರಗಳು ನಿಜವಾಗಿ ಹೇಗೆ ಏರಿಳಿದಿವೆಯೋ ಹಾಗೆಯೂ, ಇನ್ನೊಮ್ಮೆ ಅಳತೆಪಟ್ಟಿಯ ಅಡ್ಡಗೆರೆ ಎಳೆದೂ ತೋರಿಸುತ್ತಾರೆ. ಎರಡನೆಯದರಲ್ಲಿ ಬೇರೆ ಬೇರೆ ಕಾಲದ ವಸ್ತುಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ನಾನು ಬರೆದ ಯಾವ ಅಂಕಣವೂ ಆ ಚಿತ್ರದಷ್ಟು ಕೆಲಸ ಮಾಡಿಲ್ಲ. ಇನ್ನೊಂದೆಡೆ ಎರಡು ಫೋಟೊಗಳನ್ನು ಜೋಡಿಸಿದ್ದಾರೆ. ಒಂದರಲ್ಲಿ ಇರುವೆ ಮುತ್ತಿದಂತೆ ಆಳುಗಳು ಗಿಜಿಗುಡುವ ಒಂದು ಅಗೆತ, ಇನ್ನೊಂದರಲ್ಲಿ ಚೌಕ ಚೌಕವಾಗಿ ಗೂಟ ಹೊಡೆದ ಅರಿಕಮೇಡು. ಮೊದಲನೆಯದಕ್ಕೆ ಗೊಂದಲ ಎಂದೂ ಎರಡನೆಯದಕ್ಕೆ ಶಿಸ್ತು ಎಂದೂ ಹೆಸರು. ಸ್ವಂತ ಕೆಲಸವನ್ನೇ ಶಿಸ್ತಿನ ಮಾದರಿಯಾಗಿ ಇಡುವ ಧೈರ್ಯ ವೀಲರ್‌ಗೆ ಸಾಕಷ್ಟಿತ್ತು.

ಬ್ರಹ್ಮಗಿರಿಗೆ ಅವರೇ ಮೊದಲಿಗರೆಂದು ತಿಳಿಯಬೇಡಿ. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ನಮ್ಮ ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯಿಂದ ಅಲ್ಲಿ 1940ರಲ್ಲೇ ಅಗೆದಿದ್ದರು, ಚಂದ್ರವಳ್ಳಿಯಲ್ಲಿ ಅದಕ್ಕೂ ಮೊದಲು. ವೀಲರ್ ತಂದದ್ದು ಗುಂಡಿಗಳ ನಡುವೆ ಕಡಿಯದೆ ಬಿಟ್ಟ ಮಣ್ಣಿನ ಗೋಡೆ, ಅದರ ಮೇಲೆ ಪದರಕ್ಕೊಂದರಂತೆ ಚುಚ್ಚಿದ ಚೀಟಿ, ಮತ್ತು ಆ ಗೋಡೆಯನ್ನು ಇದ್ದಂತೆಯೇ ಕಾಗದಕ್ಕಿಳಿಸುವ ಹಟ. ಕೆಳಗೆ ಕಲ್ಲುಕೊಡಲಿಯ ಜನ, ನಡುವೆ ಕಬ್ಬಿಣ ಬಲ್ಲ ಬೃಹತ್ ಶಿಲಾಸಮಾಧಿಯವರು, ಮೇಲೆ ಅವರು 'ಆಂಧ್ರ' ಎಂದು ಕರೆದ ಸಾತವಾಹನ ಕಾಲದ ಪದರ. ಒಂದು ಮುಗಿದು ಇನ್ನೊಂದು ಶುರುವಾಗುವ ಕಡೆ ಎರಡರ ಬೋಕಿಗಳೂ ಬೆರೆತಿರುವುದನ್ನು ಅವರು ಮುಚ್ಚಿಡಲಿಲ್ಲ.

ಇನ್ನು ಕಾಲನಿರ್ಣಯ. ಮೇಲಿನ ಪದರಕ್ಕೆ ಅರಿಕಮೇಡಿನಲ್ಲಿ ಕಂಡ ಚಕ್ರಗೀರಿನ ಮಡಕೆಯ ಆಧಾರ, ಚಂದ್ರವಳ್ಳಿಯ ರೋಮನ್ ನಾಣ್ಯದ ಬೆಂಬಲ. ಅಲ್ಲಿಂದ ಪದರದ ದಪ್ಪ ನೋಡಿ ಕೆಳಕ್ಕೆ ಎಣಿಸುತ್ತ ಹೋದ ವೀಲರ್, ಶಿಲಾಸಮಾಧಿಯವರನ್ನು ಕ್ರಿಸ್ತಪೂರ್ವ 200ರ ಆಸುಪಾಸಿಗೂ, ಕಲ್ಲುಕೊಡಲಿಯವರ ಆರಂಭವನ್ನು ಕ್ರಿಸ್ತಪೂರ್ವ ಒಂದನೇ ಸಹಸ್ರಮಾನಕ್ಕೂ ತಂದು ನಿಲ್ಲಿಸಿದರು. ಇಂಗಾಲದ ಕಾಲಮಾಪನ ಬಂದದ್ದು 1949ರಲ್ಲಿ, ಬ್ರಹ್ಮಗಿರಿಯ ಅಗೆತ ಮುಗಿದ ಮೇಲೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದ ಹಳ್ಳೂರಿನ ಇದ್ದಿಲು ಕಬ್ಬಿಣವನ್ನು ಕ್ರಿಸ್ತಪೂರ್ವ 1000ದ ಹತ್ತಿರಕ್ಕೆ ಒಯ್ದಿತು. ದಖ್ಖನಿನ ನವಶಿಲಾಯುಗ ಇಂದು ಕ್ರಿಸ್ತಪೂರ್ವ 3000ದ ಸಮೀಪಕ್ಕೆ ಹೋಗಿದೆ. ವೀಲರ್ ಕೊಟ್ಟ ವರ್ಷಗಳಲ್ಲಿ ಕೆಳಗಿನವು ಬಿದ್ದುಹೋದವು. ಆದರೆ ಅವರ ಪದರಗಳ ಸರದಿ? ಕೊಡಲಿ ಕೆಳಗೆ, ಕಬ್ಬಿಣ ಮೇಲೆ, ನಡುವೆ ಬೆರಕೆ ಎಂಬ ಆ ಸರದಿ ಇವತ್ತಿಗೂ ಅಲುಗಿಲ್ಲ. ಬಿದ್ದದ್ದು ಅವರ ಊಹೆ. ನಿಂತದ್ದು ಅವರ ಗ್ರಾಫ್ ಹಾಳೆ.

ಮುಂದೆ ವೀಲರ್ ಚೌಕವನ್ನೂ, 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ರೂಪಿಸಿದ ಪದರಗಳ ವಂಶವೃಕ್ಷವನ್ನೂ ತಕ್ಕಡಿಗೆ ಹಾಕುವ ಯೋಚನೆಯಿತ್ತು. ಆದರೆ ಅದೇ ಪುಸ್ತಕದಲ್ಲಿ ಹಲವರನ್ನು ಬೈಯುವ ವೀಲರ್, ಒಬ್ಬರಿಗೆ ಟೋಪಿ ತೆಗೆಯುತ್ತಾರೆ. ಆ ಮನುಷ್ಯ ನಮ್ಮ ಸುರಪುರದಲ್ಲಿದ್ದವರು. ಹಾಗಾಗಿ ಹ್ಯಾರಿಸ್ ಕಾಯಲಿ.

ಫಿಲಿಪ್ ಮೆಡೋಸ್ ಟೇಲರ್ ಎಂದರೆ ಸಾಹಿತ್ಯದವರಿಗೆ 1839ರ ಠಕ್ಕರ ಕಾದಂಬರಿ ನೆನಪಾಗುತ್ತದೆ, ಸುರಪುರದವರಿಗೆ ಟೇಲರ್ ಮಂಜಿಲ್ ನೆನಪಾಗುತ್ತದೆ. ನಿಜಾಮರ ಸೈನ್ಯದ ಅಧಿಕಾರಿಯಾಗಿದ್ದ ಅವರು 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡರು. ಬಾಲಕ ರಾಜ ವೆಂಕಟಪ್ಪ ನಾಯಕನ ಮೇಲ್ವಿಚಾರಣೆ, ಕಂದಾಯದ ತಕರಾರು, ಅರಮನೆಯ ಒಳಜಗಳ ಇವೆಲ್ಲದರ ನಡುವೆ ಬಿಡುವು ಮಾಡಿಕೊಂಡು ಭೀಮಾ ತೀರದ ಜೇವರ್ಗಿಯಲ್ಲೂ ಸುರಪುರ ಸೀಮೆಯಲ್ಲೂ ಕಲ್ಲುವೃತ್ತಗಳ ಗೋರಿ ತೆರೆಸಿದರು. ಆ ಕಾಲದ ಬೇರೆ ಸಾಹೇಬರು ಗೋರಿ ತೆರೆದದ್ದು ಮಡಕೆಗೆ, ಕತ್ತಿಗೆ. ಟೇಲರ್ ಗೋರಿಯನ್ನು ಸೀಳಿ ಅದರ ಚಿತ್ರ ಬರೆದರು. ಮೇಲಿನ ಕಲ್ಲುವೃತ್ತ, ಅದರಡಿ ಕಲ್ಲು-ಮಣ್ಣು ತುಂಬಿದ ಬಗೆ, ತಳದಲ್ಲಿ ಅಸ್ಥಿ ಮತ್ತು ಮಡಕೆ ಇದ್ದ ಜಾಗ, ಎಲ್ಲವೂ ಅಳತೆ ಸಮೇತ. ಬ್ರಹ್ಮಗಿರಿಗೆ ವೀಲರ್ ಬರುವುದಕ್ಕೆ ಸುಮಾರು ಒಂದು ಶತಮಾನ ಮೊದಲಿನ ಕೆಲಸ ಇದು.

ಟೇಲರ್ ಕಟ್ಟಿದ ಸಿದ್ಧಾಂತ ಏನಾಗಿತ್ತು ಗೊತ್ತೇ? ಐರ್ಲೆಂಡ್, ಇಂಗ್ಲೆಂಡಿನ ಕಲ್ಲುಗೋರಿಗಳಿಗೂ ಇವಕ್ಕೂ ಹೋಲಿಕೆ ಕಂಡು, ಕೆಲ್ಟರು, ಡ್ರೂಯಿಡರು, ಸಿಥಿಯನ್ನರು ಎಂದು ಹೊರಟರು. ರುಂಡ ಬೇರೆ, ಮುಂಡ ಬೇರೆಯಾಗಿ ಬಿದ್ದ ಅಸ್ಥಿಗಳನ್ನು ಕಂಡು ನರಬಲಿ ಎಂದರು. ಇಂದು ಭೀಮಾ ತೀರದಲ್ಲಿ ಡ್ರೂಯಿಡರನ್ನು ಯಾರೂ ಹುಡುಕುವುದಿಲ್ಲ. ಶವವನ್ನು ಮೊದಲು ಬಯಲಲ್ಲಿಟ್ಟು ಆಮೇಲೆ ಎಲುಬು ಆಯ್ದು ಹೂಳುವ ಪದ್ಧತಿಯಿತ್ತೆಂದು ಬ್ರಹ್ಮಗಿರಿಯ ಗೋರಿಗಳ ಬಗ್ಗೆ ವೀಲರ್ ಅವರೇ ಬರೆದರು. ಆ ದೃಷ್ಟಿಯಿಂದ ಟೇಲರ್ ಕಂಡದ್ದನ್ನು ಇನ್ನೊಮ್ಮೆ ಓದಬಹುದು. ಓದಲು ಸಾಧ್ಯವಾಗಿರುವುದು ಅವರು 'ನರಬಲಿ' ಎಂದು ಬರೆದು ಸುಮ್ಮನಾಗದೆ, ಎಲುಬು ಎಲ್ಲೆಲ್ಲಿ ಬಿದ್ದಿತ್ತೆಂದು ಬರೆದು ತೋರಿಸಿದ್ದರಿಂದ. ವೀಲರ್ ವಿಷಯದಲ್ಲಿ ಆದದ್ದೇ ಇಲ್ಲೂ ಆಗಿದೆ. ಅರ್ಥ ಹೇಳಿದ ಪುಟ ಹಳಸಿತು, ಕಂಡದ್ದನ್ನು ಕಂಡಲ್ಲೇ ಗುರುತಿಸಿದ ಪುಟ ಉಳಿಯಿತು.

ಹಾಗಾದರೆ ಕ್ಯಾಮೆರಾ ಸಾಲದೇ, ಈಗ ಡ್ರೋನ್ ಇದೆ, ನಾಲ್ಕು ದಿಕ್ಕಿನಿಂದ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಡೀ ಗುಂಡಿ ಕಟ್ಟಬಹುದಲ್ಲ ಎಂದು ಹೊಸಬರು ಕೇಳುತ್ತಾರೆ. ಕಟ್ಟಲಿ, ಬೇಡ ಎನ್ನುವುದಿಲ್ಲ. ಕಲ್ಲುಕಟ್ಟಡದ ಅಳತೆಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಕ್ಯಾಮೆರಾ ಏನನ್ನೂ ತೀರ್ಮಾನಿಸುವುದಿಲ್ಲ. ಗೋಡೆಯ ಮುಂದೆ ಕರಣೆ ಹಿಡಿದು ನಿಂತವನು 'ಐದು ಇಲ್ಲಿ ಮುಗಿಯಿತು, ಆರು ಇಲ್ಲಿಂದ' ಎಂದು ಒಂದು ಗೆರೆ ಎಳೆಯಲೇಬೇಕು. ಗಡಿ ಖಚಿತವಿದ್ದರೆ ತುಂಬುಗೆರೆ, ಅನುಮಾನವಿದ್ದರೆ ತುಂಡುಗೆರೆ. ಎಲ್ಲ ಕಡೆ ತುಂಬುಗೆರೆಯೇ ಇರುವ ಸೀಳುನೋಟ ಕಂಡರೆ ನನಗೆ ಆ ಅಗೆತದ ಮೇಲೇ ಸಂಶಯ. ಅಲ್ಲಿ ಯಾರೋ ಕೋಣೆಯಲ್ಲಿ ಕುಳಿತು ಗೆರೆ ತಿದ್ದಿದ್ದಾರೆ.

ತೀರ್ಮಾನವಾಗುವುದು ಕಣ್ಣಿನಿಂದ ಮಾತ್ರವಲ್ಲ. ಪಿಕಾಸಿಯ ಸದ್ದು ಬದಲಾದೊಡನೆ ಕೈ ತಡೆಯುವ ಆಳು ಎಷ್ಟೋ ಸಲ ಡಿಗ್ರಿ ಪಡೆದವನಿಗಿಂತ ಮೊದಲು ಹೊಸ ಪದರ ಕಂಡಿರುತ್ತಾನೆ. ಬೂದಿಗುಡ್ಡೆಗಳ ಕಥೆ ನೋಡಿ. ಬಳ್ಳಾರಿ, ರಾಯಚೂರು ಸೀಮೆಯ ಈ ಗುಡ್ಡೆಗಳನ್ನು ಒಬ್ಬರು ಜ್ವಾಲಾಮುಖಿ ಎಂದರು, ಒಬ್ಬರು ಲೋಹದ ಕುಲುಮೆ ಎಂದರು, ಹಂಪಿ ಬಳಿಯ ನಿಂಬಾಪುರದವರು ವಾಲಿಯನ್ನು ಸುಟ್ಟ ಬೂದಿ ಎಂದರು. ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯ ಬೂದಿ ಎಂದು ಹತ್ತೊಂಬತ್ತನೇ ಶತಮಾನದಲ್ಲೇ ಹೇಳಿದ್ದರೂ ವಾದ ನಿಂತಿರಲಿಲ್ಲ. 1957ರಲ್ಲಿ ತೆಲಂಗಾಣದ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಪದರ ಪದರವಾಗಿ ಬಿಡಿಸಿದಾಗ ಮರದ ಬೇಲಿ ನೆಟ್ಟ ಕುಳಿಗಳೂ, ನೆಲದಲ್ಲಿ ಅಚ್ಚೊತ್ತಿದ ದನದ ಗೊರಸಿನ ಗುರುತುಗಳೂ ಕಂಡವು. ಗೊರಸಿನ ಗುರುತು ವಸ್ತುವಲ್ಲ, ಜರಡಿಯಲ್ಲಿ ಸಿಗುವುದಿಲ್ಲ. ಎರಡು ಪದರ ಕೂಡುವ ಮೈಯಲ್ಲಿ ಅಗೆತ ನಿಂತರಷ್ಟೇ ಅದು ಕಾಣುತ್ತದೆ. ಅಡಿ ಲೆಕ್ಕದಲ್ಲಿ ಇಳಿದಿದ್ದರೆ ಆ ಹಟ್ಟಿಯನ್ನು ಬುಟ್ಟಿಯಲ್ಲಿ ತುಂಬಿ ಸುರಿದು ಬರುತ್ತಿದ್ದರು.

ಆದ್ದರಿಂದಲೇ ದಿನದ ಡೈರಿಯ ಬಗ್ಗೆ ನನ್ನ ಕಟ್ಟುನಿಟ್ಟು. ತಾರೀಖು, ಗುಂಡಿಯ ನಂಬರು, ಎಷ್ಟು ಆಳುಗಳು, ಯಾವ ಪದರ ತೆಗೆಯಲಾಯಿತು, ಯಾವ ಗೂಟದಿಂದ ಯಾವ ಗೂಟಕ್ಕೆ, ಹಿಂದಿನ ರಾತ್ರಿ ಮಳೆ ಬಂತೇ ಎಂಬುದೆಲ್ಲ ಗುಂಡಿಯ ಬದಿಯಲ್ಲೇ, ಆ ದಿನವೇ ಬೀಳಬೇಕು. ರಾತ್ರಿ ಊಟವಾದ ಮೇಲೆ ಹಿರಿಯರ ಚರ್ಚೆಯಲ್ಲಿ 'ಇದು ಸಾತವಾಹನರ ನೆಲವೇ' ಎಂದು ತೀರ್ಮಾನವಾದ ನಂತರ ಬರೆದ ಡೈರಿಗೆ ಆ ತೀರ್ಮಾನದ ವಾಸನೆ ಹತ್ತಿರುತ್ತದೆ. ಉತ್ತರ ಗೊತ್ತಾಗುವ ಮೊದಲು ಬರೆದ ಸಾಲು ನಾಳೆ ಉತ್ತರ ಬದಲಾದಾಗ ಸಾಕ್ಷಿ ಹೇಳುತ್ತದೆ. ಮರುದಿನ ಅಭಿಪ್ರಾಯ ಬದಲಾದರೆ ಹಳೆಯದನ್ನು ಅಳಿಸದೆ, ಹೊಸ ತಾರೀಖು ಹಾಕಿ ಕೆಳಗೆ ಬರೆಯಬೇಕು.

ಈ ಡೈರಿಗಳು ಆಮೇಲೆ ಎಲ್ಲಿ ಹೋಗುತ್ತವೆ? ಬ್ರಹ್ಮಗಿರಿಯ ವರದಿ ತಡವಿಲ್ಲದೆ 'ಏನ್ಷಿಯಂಟ್ ಇಂಡಿಯಾ'ದ ನಾಲ್ಕನೇ ಸಂಚಿಕೆಯಲ್ಲಿ, ಮಡಿಸಿದ ದೊಡ್ಡ ಸೀಳುನೋಟಗಳ ಸಮೇತ ಬಂತು. ಆಮೇಲಿನ ಎಷ್ಟೋ ಅಗೆತಗಳಿಗೆ ಇಲಾಖೆಯ ವಾರ್ಷಿಕ ಪರಿಶೀಲನೆಯಲ್ಲಿ ಸಿಕ್ಕ ಒಂದೆರಡು ಪ್ಯಾರಾವೇ ಗತಿ, ಅಂತಿಮ ವರದಿ ಇಂದಿಗೂ ಇಲ್ಲ. ಅಗೆದವರು ನಿವೃತ್ತರಾದರು, ಕೆಲವರು ತೀರಿಕೊಂಡರು, ಡೈರಿಗಳು ಯಾವ ಕಪಾಟಿನಲ್ಲಿವೆಯೋ ಗೆದ್ದಲಿಗೆ ಗೊತ್ತು. ಹೊಸ ಜಾಗ ಅಗೆಯಲು ಅನುಮತಿ ಕೇಳಿ ಬಂದವರಿಗೆ ಸರ್ಕಾರ ಒಂದೇ ಷರತ್ತು ಹಾಕಲಿ: ಹಿಂದೆ ಅಗೆದ ಜಾಗದ ಡೈರಿ ಮತ್ತು ಸೀಳುನೋಟಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡಿ, ವರದಿ ಎಷ್ಟೇ ಅರೆಬರೆಯಾಗಿರಲಿ. ಅಲ್ಲಿಯವರೆಗೆ ಹೊಸ ಗೂಟ ಹೊಡೆಯುವುದು ಬೇಡ. ಮಣ್ಣಿನೊಳಗಿರುವುದು ಇನ್ನೂ ಸಾವಿರ ವರ್ಷ ಕಾಯಬಲ್ಲದು, ಕಪಾಟಿನೊಳಗಿರುವುದು ಕಾಯಲಾರದು.