ಟೊಳ್ಳು ಸಿಪಾಯಿಗಳು

ಅಂಗೈ ಮೇಲಿಟ್ಟುಕೊಂಡರೆ ಮೊದಲು ಅಚ್ಚರಿಯಾಗುವುದು ಅದರ ಹಗುರಕ್ಕೆ. ಸೀಸದ ಗೊಂಬೆಯೆಂದರೆ ಭಾರವಿರಬೇಕಲ್ಲ! ಲಂಡನ್ನಿನ ಬ್ರಿಟನ್ ಮನೆತನದವರು 1893ರಲ್ಲಿ ಮಾರುಕಟ್ಟೆಗೆ ತಂದ ಈ ಸಿಪಾಯಿಗಳ ಗುಟ್ಟೇ ಅದು. ಕರಗಿದ ಸೀಸವನ್ನು ಲೋಹದ ಅಚ್ಚಿಗೆ ಹೊಯ್ದು, ಅಂಚು ಗಟ್ಟಿಯಾಗುತ್ತಲೇ ಅಚ್ಚನ್ನು ಬೋರಲು ಮಾಡಿ ಒಳಗಿನದನ್ನು ಸುರಿದುಬಿಡುತ್ತಿದ್ದರು. ಉಳಿಯುತ್ತಿದ್ದುದು ತೆಳುವಾದ ಚಿಪ್ಪು, ಹೊಟ್ಟೆಯೆಲ್ಲ ಖಾಲಿ. ಸೀಸ ಮಿಕ್ಕಿತು, ಬೆಲೆ ಇಳಿಯಿತು; ಗಟ್ಟಿ ಸೀಸದ ಸೈನ್ಯ ಮಾರುತ್ತಿದ್ದ ಜರ್ಮನ್ನರಿಗೆ ಪೈಪೋಟಿ ಹುಟ್ಟಿತು.

ಬ್ರಿಟನ್ ಮನೆತನದವರ ಕೆಂಪು ಪೆಟ್ಟಿಗೆಗಳಿಂದ ಹೊರಬಂದ ದಂಡುಗಳಲ್ಲಿ ನನ್ನ ಕಣ್ಣು ನಿಲ್ಲುವುದು ಸ್ಕಿನ್ನರ್ಸ್ ಹಾರ್ಸ್ ಮೇಲೆ. ಬಂಗಾಳದ ಈ ಅಶ್ವದಳದವರದು ಹಳದಿ ಅಂಗಿ, ತಲೆಗೆ ಮುಂಡಾಸು. ಗೊಂಬೆಯ ತೋಳನ್ನು ಬೇರೆಯಾಗಿ ಎರಕ ಹೊಯ್ದು ಭುಜಕ್ಕೆ ಸಿಕ್ಕಿಸಿದ್ದಾರೆ, ಮೇಲೆ ಕೆಳಗೆ ಆಡುತ್ತದೆ. ಮುಖ ನೋಡಿ: ಕಣ್ಣಿಗೆರಡು ಚುಕ್ಕಿ, ಮೀಸೆಗೊಂದು ಗೀಟು. ಬಣ್ಣ ಬಳಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರ ಕುಂಚದ ಚುಕ್ಕಿ ಒಂದು ಕೂದಲೆಳೆ ಜರುಗಿದರೆ ಸಾಕು, ಒಂದೇ ಅಚ್ಚಿನಿಂದ ಹುಟ್ಟಿದ ಸವಾರರಲ್ಲಿ ಒಬ್ಬ ಹೆದರಿದವನಂತೆ, ಮತ್ತೊಬ್ಬ ಸಿಡುಕನಂತೆ ಕಾಣುತ್ತಾನೆ.

ಇಂದಿನ ರೆಸಿನ್ ಗೊಂಬೆಗಳಲ್ಲಿ ಬೂಟಿನ ಹೊಲಿಗೆಯೂ ಕಾಣುತ್ತದೆ, ಗಲ್ಲದ ಗಾಯವೂ ಕಾಣುತ್ತದೆ. ಕೈಚಳಕ ದೊಡ್ಡದೇ, ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಅವೇ ಹೇಳಿ ಮುಗಿಸುತ್ತವೆ. 54 ಮಿಲಿಮೀಟರಿನ ಈ ಹಳೆಯ ಸಿಪಾಯಿ ಕಾಲರಿನ ಬಣ್ಣ, ಟೋಪಿಯ ಗರಿ ಇಷ್ಟರಲ್ಲೇ ತಾನು ಯಾವ ದಳದವನೆಂದು ತಿಳಿಸಿ ಸುಮ್ಮನಾಗುತ್ತಾನೆ. ಮಿಕ್ಕದ್ದು ನೋಡುವವನ ಪಾಲಿಗೆ.

ಆ ಪಾಲಿನಲ್ಲಿ ಆಟವಾಡಿದವರು ಮಕ್ಕಳಷ್ಟೇ ಅಲ್ಲ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನೇ ಬರೆದು ಇಂಥ ಸಿಪಾಯಿಗಳ ಕಾಳಗಕ್ಕೆ ನಿಯಮ ಹಾಕಿಕೊಟ್ಟರು. ಸ್ಪ್ರಿಂಗ್ ಫಿರಂಗಿಯಿಂದ ಹಾರಿದ ಗುಂಡು ತಾಗಿ ಬಿದ್ದವನು ಸತ್ತ ಹಾಗೆ. ನಿಜವಾದ ಯುದ್ಧ ಪಕ್ಕದಲ್ಲೇ ಕಾದಿತ್ತು. ಮರುವರ್ಷ ಯುರೋಪು ಹೊತ್ತಿಕೊಂಡಿತು. ರಣರಂಗದಲ್ಲಿ ಕೆಂಪು ಹಳದಿಗಳಿಗೆ ಜಾಗವಿರಲಿಲ್ಲ. ನಮ್ಮ ಮೈಸೂರು ಲ್ಯಾನ್ಸರ್‌ಗಳು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆಯೇರಿ ನುಗ್ಗಿದ್ದು ಖಾಕಿಯಲ್ಲೇ. ಆಟಿಕೆಯ ಪೆಟ್ಟಿಗೆಗೂ ಖಾಕಿ ಬಂತು, ಆದರೆ ಪರೇಡಿನ ಬಣ್ಣದವರು ಪೆಟ್ಟಿಗೆ ಬಿಟ್ಟು ಹೋಗಲಿಲ್ಲ. ಖಾಕಿಯವರು ನನಗೆ ಯಾಕೋ ರುಚಿಸುವುದಿಲ್ಲ. ಸಾವಿಗೆ ತೀರ ಹತ್ತಿರದವರು ಅನ್ನಿಸುತ್ತದೆ.

ಸೀಸ ವಿಷವೆಂಬ ಅರಿವು ಹೆಚ್ಚಿತು, ಪ್ಲಾಸ್ಟಿಕ್ಕು ಅಗ್ಗವಾಯಿತು. 1966ರ ಹೊತ್ತಿಗೆ ಬ್ರಿಟನ್ಸ್ ಕಂಪನಿ ಟೊಳ್ಳು ಸೀಸದ ಎರಕ ನಿಲ್ಲಿಸಿತು.

ನಿಮ್ಮ ಹಳೆಯ ಟ್ರಂಕಿನಲ್ಲಿ ಇಂಥವನೊಬ್ಬ ಸಿಕ್ಕರೆ ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಓಕ್ ಮರದ ಬೀರುವಿನಲ್ಲಿ ಇಡಬೇಡಿ, ಆ ಮರದ ಆಮ್ಲದ ಆವಿಗೆ ಸೀಸ ಬೂದಿ ಬಣ್ಣದ ಪುಡಿಯಾಗಿ ಉದುರುತ್ತದೆ. ಬಣ್ಣ ಚಕ್ಕೆ ಎದ್ದಿದ್ದರೂ ಸರಿ, ದಯವಿಟ್ಟು ಹೊಸದಾಗಿ ಬಳಿಯಬೇಡಿ.